ವರ್ಷದ ಅತ್ಯುತ್ತಮ ಸ್ಟೇಷನ್

ಹವ್ಯಾಸಿ ರೇಡಿಯೋ ಕ್ಲಬ್ಬಿನ ಅಧ್ಯಕ್ಷರಿಗೆ ಭವಿಷ್ಯವೆಂದರೆ ಪಂಚಪ್ರಾಣ. ವರ್ತಮಾನದಲ್ಲಿ ಅವರ ಕೈಯಿಂದ ಒಂದು ತಂತಿಯೂ ನೆಟ್ಟಗೆ ಕೂತದ್ದಿಲ್ಲ. ಹಾಗಾಗಿ ಭವಿಷ್ಯವೇ ಅವರಿಗೆ ಅನುಕೂಲ. ವಿಮಾ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಹುಲ್ಲುಕಡ್ಡಿಯನ್ನು ಬೆಟ್ಟ ಮಾಡಿ ತೋರಿಸುವ ವಿದ್ಯೆ ಅಲ್ಲೇ ಕೈಗೂಡಿತ್ತು.

ಸದಸ್ಯರು ಮನೆಯಿಂದಲೇ ದೂರದವರೊಡನೆ ಮಾತಾಡುವ ರೇಡಿಯೋ ಸ್ಟೇಷನ್ನುಗಳನ್ನೆಲ್ಲ ಕಂಪ್ಯೂಟರ್ ಜಾಲಕ್ಕೆ ಜೋಡಿಸಿದ್ದು ಅವರ ಕಾಲದಲ್ಲೇ. “ಇನ್ನು ಯಾರೂ ಮೈಕ್ ಮುಂದೆ ಕೂತು ಗಂಟಲು ಹರ್ಕೋಬೇಕಾಗಿಲ್ಲ. ನಿಮ್ಮದೇ ಧ್ವನಿಯಲ್ಲಿ ಕಂಪ್ಯೂಟರೇ ಕರೆಯುತ್ತೆ, ಕಂಪ್ಯೂಟರೇ ಉತ್ತರ ಕೊಡುತ್ತೆ” ಎಂದು ಸಭೆಯಲ್ಲಿ ಸಾರಿದರು. ಸದಸ್ಯರು ಚಪ್ಪಾಳೆ ತಟ್ಟಿದರು. ಮಾತಾಡುವುದಕ್ಕೆಂದೇ ಹಚ್ಚಿಕೊಂಡ ಹವ್ಯಾಸದಲ್ಲಿ ಮಾತಾಡುವ ಕಷ್ಟವೊಂದು ತಪ್ಪಿತಲ್ಲ!

ಕ್ಲಬ್ಬಿನ ಕಾರ್ಯದರ್ಶಿ ಅಧ್ಯಕ್ಷರ ನಾದಿನಿ. ಪೇಟೆಬೀದಿಯಲ್ಲಿ ಕನ್ನಡಕದಂಗಡಿ ಇಟ್ಟವಳು. ಅವಳೊಬ್ಬಳು ಕೇಳಿದಳು: “ಹಾಗಾದ್ರೆ ನಾವೇನು ಮಾಡೋದು, ಭಾವ?”

“ನೀನು ಅಂಗಡಿ ನೋಡ್ಕೊ. ತಂತ್ರಜ್ಞಾನ ಇರೋದೇ ಮನುಷ್ಯನಿಗೆ ಬಿಡುವು ಕೊಡೋಕೆ.”

ಅವಳು ಅಂಗಡಿ ನೋಡಿಕೊಂಡಳು. ಹಿಂದಿನ ಕೋಣೆಯಲ್ಲಿ ಅವಳ ಯಂತ್ರ ಅವಳ ಧ್ವನಿಯಲ್ಲಿ ದಿನವಿಡೀ ಮಾತಾಡುತ್ತಿತ್ತು: “ನಿಮ್ಮ ಸಿಗ್ನಲ್ ಬಹಳ ಚೆನ್ನಾಗಿದೆ. ಇಲ್ಲಿ ಮೋಡ ಕವಿದಿದೆ. ಮನೆಯವರಿಗೆಲ್ಲ ನಮಸ್ಕಾರ.” ಮೊದಮೊದಲು ಇಣುಕಿ ನೋಡುತ್ತಿದ್ದಳು. ಆಮೇಲೆ ಗಿರಾಕಿಗಳಿಗೆ ತೊಂದರೆಯೆಂದು ಬಾಗಿಲು ಹಾಕಿದಳು.

ವಾರ್ಷಿಕ ಸಭೆಗೆ ಬಂದವರು ಬೆರಳೆಣಿಕೆಯಷ್ಟು ಜನ. ಅಧ್ಯಕ್ಷರು ವರ್ಷದ ಅತ್ಯುತ್ತಮ ಸ್ಟೇಷನ್ ಪ್ರಶಸ್ತಿಯನ್ನು ಸಿಡುಕಪ್ಪನಿಗೆ ಘೋಷಿಸಿದರು. ಸಿಡುಕಪ್ಪ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತನಾದವನು. ಹಿಂದೆಲ್ಲ ರೇಡಿಯೋದಲ್ಲಿ ಯಾರಾದರೂ ತಪ್ಪು ಮಾತಾಡಿದರೆ ಅಲ್ಲೇ ತಡೆದು ತಿದ್ದಿ, ಮೇಲೆರಡು ಬೈದು ಕಳಿಸುತ್ತಿದ್ದ. “ಈ ವರ್ಷ ಅವರಿಂದ ಒಂದೇ ಒಂದು ಕೆಟ್ಟ ಮಾತಿಲ್ಲ. ಒಂದು ದಿನವೂ ರಜೆಯಿಲ್ಲ. ಜಾಲ ಮನುಷ್ಯನನ್ನೇ ತಿದ್ದಿದೆ!” ಎಂದರು ಅಧ್ಯಕ್ಷರು. ಪ್ರಶಸ್ತಿ ವಿಜೇತ ಸಭೆಗೆ ಬಂದಿರಲಿಲ್ಲ. ಯಾರಿಗೂ ಅದು ವಿಶೇಷವೆನಿಸಲಿಲ್ಲ.

ಮರುದಿನ ಫಲಕ ಹಿಡಿದು, ಒಬ್ಬ ಫೋಟೋಗ್ರಾಫರನನ್ನೂ ನಾದಿನಿಯನ್ನೂ ಕರೆದುಕೊಂಡು ಅಧ್ಯಕ್ಷರು ಸಿಡುಕಪ್ಪನ ಮನೆಯ ಮೆಟ್ಟಿಲು ಹತ್ತಿದರು. ಬಾಲ್ಕನಿಯಲ್ಲಿ ಆಂಟೆನಾ ತಂತಿಯ ಮೇಲೆ ಟವೆಲ್ಲುಗಳು ಒಣಗುತ್ತಿದ್ದವು. ಮಗಳು ಬಾಗಿಲು ತೆರೆದಳು. ಆಸ್ಪತ್ರೆಯಲ್ಲಿ ನರ್ಸು, ಕೆಲಸಕ್ಕೆ ಹೊರಟಿದ್ದಳು.

“ಅಪ್ಪಾಜಿ ಇದಾರೇನಮ್ಮ?”

“ಅಪ್ಪ ಹೋಗಿ ಆರು ತಿಂಗಳಾಯ್ತಲ್ಲ, ಸರ್.”

“ಎಲ್ಲಿಗೆ?” ಎಂದರು ಅಧ್ಯಕ್ಷರು.

ಹುಡುಗಿ ಅವರ ಮುಖವನ್ನೇ ನೋಡಿದಳು. ನಾದಿನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. “ನಮಗೆ ಗೊತ್ತೇ ಆಗ್ಲಿಲ್ಲವಲ್ಲಮ್ಮ” ಎಂದಳು.

“ನಾನೇ ಹೇಳಿದ್ನಲ್ಲ! ಅವತ್ತೇ ಮೈಕ್ ಒತ್ತಿ, ಅಪ್ಪ ತೀರಿಕೊಂಡ್ರು ಅಂತ ಎಲ್ಲರಿಗೂ ತಿಳಿಸ್ದೆ. ಎಷ್ಟೋ ಜನ ಉತ್ತರ ಕೊಟ್ರು. ಸಿಗ್ನಲ್ ಬಹಳ ಚೆನ್ನಾಗಿದೆ, ಮನೆಯವರಿಗೆಲ್ಲ ನಮಸ್ಕಾರ ಅಂದ್ರು.” ನಾದಿನಿಯ ಕಡೆ ತಿರುಗಿ ಸೇರಿಸಿದಳು: “ಅದರಲ್ಲಿ ನಿಮ್ಮ ಧ್ವನಿನೂ ಇತ್ತು, ಮೇಡಂ.”

ಆಗಲೇ ಒಳಗಿನಿಂದ ಸಿಡುಕಪ್ಪನ ಧ್ವನಿ ಜೇನು ಸುರಿಸುತ್ತ ಯಾರದೋ ಕ್ಷೇಮ ವಿಚಾರಿಸುತ್ತಿತ್ತು. ಮೂವರೂ ಒಳಗೆ ಹೋದರು. ರೇಡಿಯೋದ ಎದುರು ಅವನ ಹೆಂಡತಿ ಬಟ್ಟೆ ಮಡಿಸುತ್ತ ಕೂತಿದ್ದಳು.

“ಇದು ಯಾವನೋ ಬೇರೆಯವನು” ಎಂದಳು ಆಕೆ, ತಲೆಯೆತ್ತದೆ. “ಇಷ್ಟು ವರ್ಷ ಸಂಸಾರ ಮಾಡಿದೀನಿ. ನಮ್ಮೋರು ಒಬ್ಬರಿಗೂ ಹೀಗೆ ಬೆಣ್ಣೆ ಹಚ್ಚಿದವರಲ್ಲ. ಕೇಳಿದ್ರೆ ಮೈ ಉರಿಯುತ್ತೆ.”

“ಅಪ್ಪನ ಧ್ವನಿ ಅಂತ ಪ್ಲಗ್ ಕೀಳೋಕೆ ನನಗೇ ಕೈ ಬರ್ಲಿಲ್ಲ” ಎಂದಳು ಮಗಳು.

ಅಷ್ಟರಲ್ಲಿ ಅಧ್ಯಕ್ಷರು ಚೇತರಿಸಿಕೊಂಡಿದ್ದರು. ಅಂಥವರು ಬೇಗ ಚೇತರಿಸಿಕೊಳ್ಳುತ್ತಾರೆ. “ಬಹಳ ದುಃಖದ ವಿಷಯ. ಆದ್ರೆ ನೋಡಿ, ಕ್ಲಬ್ಬುಗಳ ಸ್ಪರ್ಧೆ ಮುಗಿಯೋವರೆಗೆ ಇದು ಹೀಗೇ ನಡೀಲಿ. ಅವರ ಆತ್ಮಕ್ಕೂ ಶಾಂತಿ, ನಮಗೂ ನಾಲ್ಕು ಅಂಕ” ಎಂದು ಫಲಕವನ್ನು ತಾಯಿಯ ಮಡಿಲಿಗೆ ಚಾಚಿ, ಕ್ಯಾಮರಾದ ಕಡೆ ತಿರುಗಿ ನಕ್ಕರು.

ನಾದಿನಿ ಅವರನ್ನು ಸರಿಸಿ ಗೋಡೆಯ ಬಳಿ ಬಗ್ಗಿದಳು. “ಅಮ್ಮ, ಕಿತ್ತುಬಿಡ್ಲಾ?”

“ಕೀಳು ತಾಯಿ. ಪುಣ್ಯ ಬರುತ್ತೆ.”

ಧ್ವನಿ ‘ಮನೆಯವರಿಗೆ’ ಎನ್ನುವಲ್ಲಿಗೆ ನಿಂತಿತು. ಮಗಳು ಗೋಡೆಗೆ ಮುಖ ಒತ್ತಿ ಅತ್ತಳು. ತಾಯಿ ಅಳಲಿಲ್ಲ, ಫಲಕವನ್ನು ದೂರ ಹಿಡಿದು ಓದಿದಳು. “ಅತ್ಯುತ್ತಮ ಅಂತ ಬರೆಯೋಕೂ ಬರಲ್ವಲ್ಲ ನಿಮಗೆ. ಅವರಿದ್ದಿದ್ರೆ ಇದನ್ನ ನಿಮ್ಮ ತಲೆಗೇ ಎಸೀತಿದ್ರು. ತಗೊಳ್ಳಿ, ಹೊರಡಿ.”

ಮೆಟ್ಟಿಲಿಳಿಯುವಾಗ ಅಧ್ಯಕ್ಷರು ಬುಸುಗುಟ್ಟಿದರು: “ಕ್ಲಬ್ಬಿನ ಮಾನ ಕಳೆದೆಯಲ್ಲೇ!”

“ಇದ್ರೆ ತಾನೆ ಭಾವ, ಕಳೆಯೋಕೆ?” ಎಂದಳು. ಕಾರ್ಯದರ್ಶಿ ಸ್ಥಾನವನ್ನು ಅಲ್ಲೇ ಬಿಟ್ಟಳು.

ಕ್ಲಬ್ಬಿಗೇನೂ ನಷ್ಟವಾಗಲಿಲ್ಲ. ಅದು ಸ್ಪರ್ಧೆಯಲ್ಲಿ ಗೆದ್ದಿತು. ಅಧ್ಯಕ್ಷರು ಊರೂರು ಸುತ್ತಿ ಭವಿಷ್ಯದ ಬಗ್ಗೆ ಭಾಷಣ ಬಿಗಿಯತೊಡಗಿದರು. ಸಿಡುಕಪ್ಪನ ಉತ್ತರ ಬಾರದ್ದಕ್ಕೆ ಜಾಲವು ‘ಪ್ರತಿಕೂಲ ಹವಾಮಾನ’ ಎಂದು ಕಾರಣ ಕೊಟ್ಟುಕೊಂಡು ಸುಮ್ಮನಾಯಿತು.

ಕನ್ನಡಕದಂಗಡಿಯವಳು ತನ್ನ ರೇಡಿಯೋವನ್ನು ಜಾಲದಿಂದ ಬಿಡಿಸಿದಳು. ಭಾನುವಾರ ಅಂಗಡಿಗೆ ರಜೆ. ಹಿಂದಿನ ಕೋಣೆಯ ಧೂಳು ಒರೆಸಿ, ಸ್ಟೂಲ್ ಎಳೆದುಕೊಂಡು ಕೂತು ತನ್ನ ಬಾಯಿಂದಲೇ ಕರೆದಳು. ಯಂತ್ರಗಳು ನಾಮುಂದು ತಾಮುಂದು ಎಂದು ಬಂದು ನಮಸ್ಕಾರ ಹೇಳಿದವು. ಒಂದೊಂದನ್ನೇ ಬದಿಗೆ ತಳ್ಳುತ್ತ ಮತ್ತೆ ಮತ್ತೆ ಕರೆದಳು. ಗಂಟಲು ಕಟ್ಟಿತು. ಇನ್ನು ಸಾಕು ಎನ್ನುವಾಗ ಒಂದು ಒರಟು ಗಂಡಸಿನ ಧ್ವನಿ ಕೇಳಿಸಿತು:

“ಯಾರ್ರೀ ಅದು, ನಿಜವಾಗ್ಲೂ ಮಾತಾಡ್ತಿರೋದು? ನಾನು ಇಲ್ಲಿ ಲಾರಿ ಗ್ಯಾರೇಜು... ಅಯ್ಯೋ, ಒಂದು ನಿಮಿಷ, ಹಾಲು!”

ಆಮೇಲೆ ಬರೀ ಗೊರಗೊರ. ಅವಳು ಕೈ ಕಟ್ಟಿ ಕಾದಳು.

“ಉಕ್ಕಿ ಹೋಯ್ತು ರೀ!” ಧ್ವನಿ ಮರಳಿ ಬಂತು. “ಎಲ್ಲಾ ನಿಮ್ಮಿಂದಾನೇ.”

“ಒಲೆ ಆರಿಸಿ ಕೂರಬೇಕು ಅಂತ ಗೊತ್ತಾಗಲ್ವಾ ನಿಮಗೆ?” ಎಂದಳು ಅವಳು. ಜಗಳ ಶುರುವಾಯಿತು. ಊಟದ ಹೊತ್ತು ಮೀರಿದರೂ ಇಬ್ಬರಲ್ಲಿ ಒಬ್ಬರೂ ಸೋಲಲಿಲ್ಲ.