ನಾಲ್ಕನೆಯ ಹಲಗೆ

ಹನ್ನೊಂದಕ್ಕೆ ವಸ್ತುಸಂಗ್ರಹಾಲಯದ ಮುಖ್ಯಸ್ಥರು ಬರುವವರಿದ್ದರು. ಖಂಡಗಳ ಡಿಕ್ಕಿ ತೋರಿಸುವ ಮಾದರಿ ಸರಿಯಾಗಿ ಕೆಲಸ ಮಾಡಿದರೆ ದೊಡ್ಡ ಹಜಾರದಲ್ಲಿ ಅದಕ್ಕೆ ಜಾಗ. ಇಲ್ಲವಾದರೆ ಅಲ್ಲಿಗೆ ತಿಮಿಂಗಿಲದ ದವಡೆ ಬರುತ್ತಿತ್ತು.

ಮಕ್ಕಳಿಗೆ ಭೂವಿಜ್ಞಾನ ಹೇಳಿಕೊಡುವ ಸೊಸೆ ನಾಲ್ಕನೆಯ ಸಲ ಮಾದರಿಯ ಹಿಡಿಕೆ ತಿರುಗಿಸಿದಳು. ಮರದ ಪೆಟ್ಟಿಗೆಯಲ್ಲಿ ಹರಡಿದ ಪಟ್ಟೆಪಟ್ಟೆ ಜೇಡಿಮಣ್ಣು ಒಂದು ಖಂಡ. ಅದರೊಳಕ್ಕೆ ನುಗ್ಗುವ ದಿಮ್ಮಿ ಇನ್ನೊಂದು. ಮಣ್ಣು ಉಬ್ಬಿ ಗುಡ್ಡವಾಯಿತು. ಅಷ್ಟೇ. ಖಂಡಗಳು ಡಿಕ್ಕಿ ಹೊಡೆದಾಗ ನೆಲ ಮೇಲೇಳುವುದಷ್ಟೇ ಅಲ್ಲ, ಉದ್ದಕ್ಕೆ ಸೀಳಿಕೊಂಡು ಒಂದು ತುಂಡು ಪಕ್ಕಕ್ಕೆ ಜಾರಿ ತನ್ನದೇ ಹೊಸ ಭೂಫಲಕವಾಗುವುದನ್ನೂ ಅವಳು ತೋರಿಸಬೇಕಿತ್ತು.

ತಪ್ಪೆಲ್ಲಿದೆ ಎಂದು ಎರಡನೆಯ ಸಲಕ್ಕೇ ಅವಳಿಗೆ ತಿಳಿದಿತ್ತು. ನಾಲ್ಕೂ ಕಡೆ ಹಲಗೆ; ಮಣ್ಣು ಜಾರುವುದಾದರೂ ಎಲ್ಲಿಗೆ? ಆದರೆ ಪೆಟ್ಟಿಗೆ ಮಾಡಿದ ಮಾವ ಪಕ್ಕದ ಸ್ಟೂಲಿನ ಮೇಲೇ ಕೂತಿದ್ದರು. ನಲವತ್ತು ವರ್ಷ ಬಡಗಿಯಾಗಿದ್ದವರು. ಮೊಣಕಾಲು ನೋವಿನಲ್ಲೇ ಒಂದು ವಾರ ಕೂತು ಮಾಡಿದ್ದರು. "ತೊಟ್ಟು ನೀರೂ ಸೋರಲ್ಲ ನೋಡು" ಎಂದು ಬೆಳಗಿನಿಂದ ಮೂರು ಸಲ ಹೇಳಿದ್ದರು.

"ಏನಮ್ಮಾ, ನಿನ್ನ ಭೂಮಿ ಮುನಿಸ್ಕೊಂಡಿದೆಯಾ?"

"ಇಲ್ಲ ಮಾವ, ಮಣ್ಣು ಸ್ವಲ್ಪ ಗಟ್ಟಿಯಾಯ್ತೇನೋ."

"ಹೋದ ಸಲ ಮೆತ್ತಗಾಯ್ತು ಅಂದೆ. ಅದಕ್ಕೆ ಮುಂಚೆ ಹಿಡಿಕೆ ಬಿಗಿ ಅಂದೆ. ಎಲ್ಲರ ಮೇಲೂ ದೂರು ಹೇಳಾಯ್ತು, ನನ್ನ ಪೆಟ್ಟಿಗೆ ಒಂದನ್ನ ಬಿಟ್ಟು."

ಅವಳು ತಲೆ ತಗ್ಗಿಸಿ ಮಣ್ಣು ಸವರತೊಡಗಿದಳು.

"ಮೂವತ್ತು ಮಕ್ಕಳನ್ನ ಗದರೋ ಬಾಯಿ, ಮುದುಕನ ಮುಂದೆ ಬೀಗ ಹಾಕ್ಕೊಂಡಿದೆ! ಯಾವ ಹಲಗೆ ತೆಗೀಬೇಕು, ಹೇಳು."

"ಬಲಗಡೇದು. ಆದ್ರೆ ಮೊಳೆ ಕಿತ್ತರೆ ಮರ ಹಾಳಾಗಲ್ವಾ ಮಾವ?"

"ಮೊಳೆ ಯಾರು ಹೊಡೆದ್ರು?" ಮಾವ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. "ಅಡುಗೆಮನೆ ಶೆಲ್ಫನ್ನ ನಾಲ್ಕು ಸಲ ಜಾಗ ಬದಲಾಯಿಸಿದೋಳು ನೀನು. ನಿನಗೆ ಮಾಡೋದಕ್ಕೆಲ್ಲ ನಾನು ಸ್ಕ್ರೂನೇ ಹಾಕೋದು."

ಹಲಗೆ ಕಳಚಿತು. ಹಿಡಿಕೆ ತಿರುಗಿತು. ದಿಮ್ಮಿಯ ಮೂಲೆಯಿಂದ ಕೂದಲೆಳೆಯಂಥ ಗೆರೆಯೊಂದು ಹೊರಟು ಓರೆಯಾಗಿ ಬಲಕ್ಕೆ ಓಡಿತು. ಹಳದಿ ಪಟ್ಟೆಗಳು ತುಂಡಾದವು. ಅಂಗೈಯಗಲದ ಮಣ್ಣು ಮೆಲ್ಲನೆ ಜಾರಿ ಹೊರಬಂದು, ಮೇಜಿನಂಚು ದಾಟಿ ಮಾವನ ಮಡಿಲಿಗೇ ಬಿತ್ತು.

"ಹೊಸ ಫಲಕ ಮಾವ!"

"ಸರಿ, ಇದನ್ನ ಒಗೆಯೋರು ಯಾರು?"

ಮುಖ್ಯಸ್ಥರು ಬಂದವರೇ ತೆರೆದ ಬದಿ ನೋಡಿ ಹುಬ್ಬೇರಿಸಿದರು. "ಇಲ್ಲೊಂದು ಹಲಗೆ ಮರೆತ್ರಾ?"

"ಮರೆತಿದ್ದಲ್ಲ ಸಾರ್, ಬೇಕಂತಲೇ ಬಿಟ್ಟಿದ್ದು," ಎಂದರು ಮಾವ, ಮಡಿಲ ಕಲೆಯ ಮೇಲೆ ಟೋಪಿ ಇಟ್ಟುಕೊಂಡು. "ನಮ್ಮ ಸೊಸೆ ಮೊದಲ ದಿನವೇ ಹೇಳಿದ್ಲು."

ಮುಖ್ಯಸ್ಥರು ತಾವೇ ಮೂರು ಸಲ ಹಿಡಿಕೆ ತಿರುಗಿಸಿ ನೋಡಿ, ತಿಮಿಂಗಿಲದ ದವಡೆಯನ್ನು ಮಹಡಿಗೆ ಸಾಗಿಸಲು ಹೇಳಿದರು.

ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದು ಮಾವ ಮನೆ ತಲುಪುವವರೆಗೂ ಅವಳನ್ನು ಕೇಳುತ್ತಲೇ ಇದ್ದರು.