ಉಗುರುಬಣ್ಣದ ಚುಕ್ಕೆ

ಅಕ್ಕ ಮೊದಲ ಸಾಲಿನಲ್ಲೇ ಕುಳಿತಿದ್ದಳು. ತಂಗಿ ವೇದಿಕೆ ಹತ್ತಿದ ದಿನ ಅಕ್ಕನಾದವಳು ಹಿಂದೆಲ್ಲೋ ಕಂಬದ ಮರೆಯಲ್ಲಿ ಕೂರುವುದುಂಟೇ? ಅವಳ ಕೈಚೀಲದಲ್ಲಿ ಪುಟ್ಟ ಡಬ್ಬಿಯೊಂದಿತ್ತು, ಡಬ್ಬಿಯಲ್ಲಿ ಅವಳು ಬೆಳೆಸಿದ ಕೊನೆಯ ಹರಳು. ಭಾಷಣ ಮುಗಿದ ಮೇಲೆ ತಂಗಿಗೆ ನೆನಪಿಗಿರಲಿ ಎಂದು ಕೊಡಲು ತಂದಿದ್ದಳು.

ಹರಳು ಬೆಳೆಸುವುದೇ ಅಕ್ಕನ ಕಸುಬಾಗಿತ್ತು. ಬಿಸ್ಮತ್, ಟೆಲ್ಲುರಿಯಂ, ಅಯೋಡಿನ್ ಮೂರನ್ನೂ ಗಾಜಿನ ಕೊಳವೆಯಲ್ಲಿ ಮುಚ್ಚಿ, ಕುಲುಮೆಯಲ್ಲಿ ಕರಗಿಸಿ, ವಾರಗಟ್ಟಲೆ ತಣಿಸಬೇಕು. ಅವಸರ ಮಾಡಿದರೆ ಕಪ್ಪು ಪುಡಿಯೇ ಗತಿ. ಊರಿನ ಇನ್ನೊಂದು ಮೂಲೆಯ ಪ್ರಯೋಗಾಲಯದಲ್ಲಿದ್ದ ತಂಗಿ ಆ ಹರಳಿನ ಮೇಲೆ ಬೆಳಕು ಹಾಯಿಸಿ, ಒಳಗೆ ಎಲೆಕ್ಟ್ರಾನುಗಳು ಹೇಗೆ ಓಡಾಡುತ್ತವೆ ಎಂದು ಪರದೆಯ ಮೇಲೆ ಮೂಡುವ ಗೆರೆಗಳಲ್ಲಿ ನೋಡುತ್ತಿದ್ದಳು. ಅವಳನ್ನು ಈ ದಾರಿಗೆ ಎಳೆದು ತಂದವಳೂ ಅಕ್ಕನೇ.

ಎಲೆಕ್ಟ್ರಾನು ಬುಗುರಿಯಂತೆ ತಿರುಗುತ್ತದೆ ಅನ್ನುತ್ತಾರೆ. ಬಿಸ್ಮತ್‌ನಂಥ ಭಾರದ ಪರಮಾಣುಗಳ ನಡುವೆ ಆ ತಿರುಗಾಟಕ್ಕೂ ಅದು ಓಡುವ ದಾರಿಗೂ ಗಂಟು ಬೀಳುತ್ತದೆ. ಹರಳಿನ ಮೇಲ್ಮುಖ ಒಂದು ಥರ, ಕೆಳಮುಖ ಇನ್ನೊಂದು ಥರ ಇದ್ದರೆ, ಅಯಸ್ಕಾಂತದ ಹಂಗಿಲ್ಲದೆ ಒಂದು ಗೆರೆ ಎರಡಾಗಿ ಸೀಳುತ್ತದೆ. ಸೀಳು ದೊಡ್ಡದಾದರೆ, ಸುಮ್ಮನೆ ಪೋಲಾಗುವ ಬಿಸಿಯಿಂದ ಹೆಚ್ಚು ವಿದ್ಯುತ್ ತೆಗೆಯಬಹುದು ಎಂಬುದು ಅಕ್ಕನ ಲೆಕ್ಕಾಚಾರ. ಆ ಸೀಳು ಕಂಡರೆ ಕುಲುಮೆ ಉಳಿಯುತ್ತದೆ, ಕಾಣದಿದ್ದರೆ ಮುಚ್ಚುತ್ತೇವೆ ಎಂದು ಅವಳ ಮುಖ್ಯಸ್ಥರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

ಈ ಹರಳಿನದು ಒಂದು ತಕರಾರು. ಅಯೋಡಿನ್ ಇರುವ ಮುಖ ಮೇಲಾದರೆ ಗೆರೆ ಸೀಳಿದ್ದು ಕಾಣುವುದೇ ಇಲ್ಲ. ಬರಿಗಣ್ಣಿಗೋ ಎರಡು ಮುಖವೂ ಒಂದೇ. ಅದಕ್ಕೇ ಅಕ್ಕ ಪರೀಕ್ಷಿಸಿ ಗುರುತಿಸಿ, ಕೆಳಗೆ ಬರಬೇಕಾದ ಅಯೋಡಿನ್ ಮುಖದ ಅಂಚಿಗೆ ಕೆಂಪು ಉಗುರುಬಣ್ಣದ ಚುಕ್ಕೆ ಇಡುತ್ತಿದ್ದಳು. ಆ ಶೀಶೆ ತಂಗಿ ಶಾಲೆಗೆ ಹೋಗುವಾಗ ಹಟ ಮಾಡಿ ಕೊಡಿಸಿಕೊಂಡದ್ದು. ಬೇರೆ ಯಾರೂ ಹರಳಿಗೆ ಉಗುರುಬಣ್ಣ ಹಚ್ಚುತ್ತಿರಲಿಲ್ಲ. ಅಕ್ಕನ ಹರಳಿಗೆ ಸಿಂಗಾರದ ಹುಚ್ಚು ಎಂದು ಸಹೋದ್ಯೋಗಿಗಳು ನಗುತ್ತಿದ್ದರು.

ಎಲ್ಲಕ್ಕಿಂತ ಚೆನ್ನಾಗಿ ಬಂದ ಹರಳನ್ನು ಅವಳು ತಂಗಿಗೆ ಕಳಿಸಿದ್ದಳು. ತಂಗಿ ಫೋನ್ ಮಾಡಿ, "ಒಂದೇ ಗೆರೆ ಅಕ್ಕಾ. ಸೀಳಿಲ್ಲ. ಬಿಟ್ಬಿಡು ಇದನ್ನ," ಅಂದಿದ್ದಳು. ತಂಗಿಯ ಮಾತಿಗೆ ಸಾಕ್ಷಿ ಕೇಳುವುದು ಅಕ್ಕನಿಗೆ ಹೊಳೆಯಲೇ ಇಲ್ಲ. ತನ್ನ ಕೈಯೇ ಕೆಟ್ಟಿತು ಎಂದುಕೊಂಡಳು. ತಿಂಗಳೊಪ್ಪತ್ತಿನಲ್ಲಿ ಕುಲುಮೆ ಆರಿತು. ಅಕ್ಕ ಈಗ ಒಂದು ಗಾಜಿನ ಕಾರ್ಖಾನೆಯಲ್ಲಿ ಬಾಟಲಿಗಳ ಬಿರುಕು ನೋಡುತ್ತಾಳೆ.

ವೇದಿಕೆಯ ಮೇಲೆ ತಂಗಿ ಚಿತ್ರ ಬದಲಿಸಿದಳು. ಪರದೆಯ ತುಂಬ ಎರಡು ಗೆರೆಗಳು, ಒಂದರಿಂದೊಂದು ದೂರ ಸರಿದು, ಯಾರು ನೋಡಿದರೂ ಒಪ್ಪುವಷ್ಟು ಸ್ಪಷ್ಟವಾಗಿ. ಅಕ್ಕನಿಗೆ ಮೊದಲು ಆದದ್ದು ಖುಷಿಯೇ. ಯಾರೋ ಪುಣ್ಯಾತ್ಮರು ಬೆಳೆಸಿಯೇಬಿಟ್ಟರಲ್ಲ ಎಂದುಕೊಂಡಳು. ಅಷ್ಟರಲ್ಲಿ ಹರಳಿನ ಫೋಟೋ ಬಂತು. "ಇದು ನಮ್ಮ ಪ್ರಯೋಗಾಲಯದಲ್ಲೇ ಬೆಳೆದದ್ದು," ಎಂದಳು ತಂಗಿ. ಹರಳಿನ ಅಂಚಿನಲ್ಲಿ ಮಾಸಿದ ಕೆಂಪು ಚುಕ್ಕೆ ಇತ್ತು. ಹುಟ್ಟಿದಾಗಿನಿಂದ ಜೊತೆಗಿದ್ದ ಮಚ್ಚೆ ಕನ್ನಡಿಯಲ್ಲಿ ಕಾಣದಂತೆ, ತಂಗಿಯ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಅದು ಅಕ್ಕ ಕಳಿಸಿದ ಹರಳೇ. ಕೊನೆಯ ಚಿತ್ರದಲ್ಲಿ ಕೃತಜ್ಞತೆಗಳಿದ್ದವು: ಸದಾ ಬೆನ್ನಿಗೆ ನಿಂತ ಅಮ್ಮನಿಗೆ, ಅಕ್ಕನಿಗೆ. ತಂಗಿ ಮೊದಲ ಸಾಲಿಗೆ ಕೈ ತೋರಿಸಿದಳು, ಸಭೆ ಚಪ್ಪಾಳೆ ತಟ್ಟಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಬಾಗಿ, "ಇಂಥ ತಂಗಿ ಇರೋಕೆ ಪುಣ್ಯ ಮಾಡಿರಬೇಕಮ್ಮ," ಅಂದರು. ಅಕ್ಕ ಹೌದೆನ್ನುವಂತೆ ತಲೆಯಾಡಿಸಿದಳು. ಮೈಯೆಲ್ಲ ಉರಿಯುತ್ತಿದ್ದರೂ ತಲೆ ತನ್ನ ಪಾಡಿಗೆ ಆಡಿತು.

ಜನ ಕರಗಿದ ಮೇಲೆ ಓಣಿಯಂಥ ಹಜಾರದಲ್ಲಿ ತಂಗಿ ಓಡಿ ಬಂದು ತಬ್ಬಿಕೊಂಡಳು. ಅಕ್ಕನ ಕೈ ಮೇಲೇಳಲಿಲ್ಲ.

"ಚುಕ್ಕೆ ಅಳಿಸೋದು ಮರೆತಿದ್ದೀಯ," ಅಂದಳು.

ತಂಗಿಯ ಮುಖ ಬಿಳಿಚಿತು. "ಮೊದಲ ಸಲ ನಿಜವಾಗ್ಲೂ ಒಂದೇ ಕಂಡಿತ್ತು, ಅಕ್ಕಾ. ನಿನ್ನಾಣೆ. ತಲೆಕೆಳಗಾಗಿ ಅಂಟಿಸಿದ್ದೆ."

"ತಿರುಗಿಸಿ ನೋಡಿದ್ದು ಯಾವಾಗ?"

ತಂಗಿ ಕೊರಳಲ್ಲಿ ತೂಗುತ್ತಿದ್ದ ಹೆಸರಿನ ಚೀಟಿಯನ್ನು ತಿರುಗಿಸತೊಡಗಿದಳು.

"ಯಾವಾಗ ಅಂತ ಕೇಳ್ದೆ."

"ಮಾರನೇ ದಿನ."

ಅಕ್ಕ ಗೋಡೆಗೆ ಒರಗಿದಳು. ಕುಲುಮೆ ಆರಿಸಿದ ದಿನ ರಜೆ ಹಾಕಿ ಬಂದಿದ್ದವಳು ಈ ತಂಗಿಯೇ. ಕೊಳವೆಗಳನ್ನು ಹಳೆಯ ಕಾಗದದಲ್ಲಿ ಸುತ್ತಿ ಪೆಟ್ಟಿಗೆ ಕಟ್ಟಿಸಿದ್ದಳು. ಅಕ್ಕ ಅತ್ತಾಗ ಬೆನ್ನು ಸವರಿ, "ಹೋಗ್ಲಿ ಬಿಡು, ಎಲ್ಲರಿಗೂ ಆಗುತ್ತೆ," ಅಂದಿದ್ದಳು. ಹರಳು ಕದ್ದದ್ದನ್ನಾದರೂ ನುಂಗಿಕೊಳ್ಳಬಹುದಿತ್ತು, ಬೆನ್ನು ಸವರಿದ ಆ ಕೈಯನ್ನಲ್ಲ.

"ನಿನ್ನ ಹೆಸರು ಬಂದಿದ್ರೆ ಎಲ್ಲ ನಿನ್ನದೇ ಆಗ್ತಿತ್ತು," ಎಂದಳು ತಂಗಿ ಸಣ್ಣ ದನಿಯಲ್ಲಿ. "ನನ್ನ ಕೆಲಸ ಖಾಯಂ ಆಗೋದಿತ್ತು. ಆಮೇಲೆ ಹೇಳೋಣ ಅಂದ್ಕೊಂಡೆ, ದಿನ ಕಳೆದಷ್ಟೂ ಬಾಯಿ ಬರ್ಲಿಲ್ಲ." ಅವಳು ಅಕ್ಕನ ಮುಂಗೈ ಹಿಡಿದಳು. "ಕೋಪ ಮಾಡ್ಕೋ, ಬೈಯಿ. ಆದ್ರೆ ಕೈ ಬಿಡ್ಬೇಡ. ಆ ಹರಳು ಅಳತೆ ಮಾಡ್ತಾ ಮಾಡ್ತಾ ಪುಡಿಯಾಯ್ತು. ಇನ್ನೊಂದು ತೋರ್ಸಿ ಅಂತ ಎಲ್ಲರೂ ಕೇಳ್ತಿದ್ದಾರೆ. ನಮ್ಮಲ್ಲಿ ಯಾರಿಗೂ ಬೆಳೆಸೋಕೆ ಬರ್ತಿಲ್ಲ. ನಿನ್ನ ಹತ್ರ ಒಂದಾದ್ರೂ ಉಳಿದಿದ್ಯಾ?"

ಅಕ್ಕ ಕೈಚೀಲ ತೆರೆದು ಡಬ್ಬಿ ಹೊರತೆಗೆದಳು. ಮುಚ್ಚಳ ಬಿಚ್ಚಿದಳು. ಹತ್ತಿಯ ಮೇಲೆ ಹರಳು ಫಳಫಳ ಹೊಳೆಯುತ್ತಿತ್ತು, ಚುಕ್ಕೆ ಇನ್ನೂ ಹಸಿಯಂತೆ ಕೆಂಪಗಿತ್ತು. ತಂಗಿಯ ಕೈ ತಾನಾಗಿ ಮುಂದೆ ಬಂತು.

ಅಕ್ಕ ಮುಚ್ಚಳ ಹಾಕಿದಳು.

"ಇದರಲ್ಲಿ ಒಂದೇ ಗೆರೆ," ಅಂದಳು. "ನೀನೇ ಹೇಳಿದ್ದಲ್ವಾ."

ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. ಹಿಂದಿನಿಂದ ತಂಗಿ ಅಕ್ಕಾ ಎಂದು ಕರೆದದ್ದು ಕೇಳಿಸಿತು. ಚಿಕ್ಕಂದಿನಿಂದ ಅವಳು ಆ ಕೂಗಿಗೆ ತಿರುಗದೆ ಹೋದದ್ದು ಅದೇ ಮೊದಲು.