ಪನ್ನೀರು ಗುಲಾಬಿಯ ಏಳು ಕಡ್ಡಿ

ನನ್ನ ಗುಲಾಬಿ ಗಿಡಕ್ಕೆ ಯಾರೋ ಕೈ ಹಾಕಿದ್ದಾರೆಂದು ಗೊತ್ತಾದದ್ದು ಜೂನ್ ತಿಂಗಳ ಒಂದು ಸೋಮವಾರ, ಪೂಜೆಗೆ ಹೂ ಕೊಯ್ಯಲು ಹೋದಾಗ. ಒಂದು ಕಡ್ಡಿ ಇರಲಿಲ್ಲ. ಮುರಿದದ್ದಲ್ಲ, ಓರೆಯಾಗಿ ಕತ್ತರಿಸಿದ್ದು. ದನ ಮೇಯ್ದರೆ ಹಾಗಾಗುವುದಿಲ್ಲ. ದನಕ್ಕೆ ಕತ್ತರಿ ಹಿಡಿಯಲು ಬರುವುದಿಲ್ಲ.

ಆದರೂ ಸುಮ್ಮನಿದ್ದೆ. ನಮ್ಮ ವನಗೂರಿನ ಕಡೆ ಹೆಂಗಸರಲ್ಲಿ ಒಂದು ಪದ್ಧತಿ ಇದೆ. ಕೇಳಿ ತಂದ ಕಡ್ಡಿ ಹತ್ತುವುದಿಲ್ಲ, ಕದ್ದು ತಂದದ್ದಕ್ಕೆ ಬೇರು ಬೇಗ. ಕದ್ದವಳು ಮೊದಲ ಹೂ ಬಿಡುವವರೆಗೂ ಬಾಯಿ ಬಿಡಬಾರದು. ಹೂ ಬಿಟ್ಟ ದಿನ ಅದನ್ನು ತಂದು ಗಿಡದ ಒಡತಿಗೆ ಮುಡಿಸಬೇಕು. ಒಡತಿಯೂ ಅಷ್ಟೇ, ಕಂಡರೂ ಕಾಣದ ಹಾಗಿರಬೇಕು. ನಾನೇನು ಸಾಚಾ ಅಲ್ಲ. ನಮ್ಮ ಅಂಗಳದ ಅರ್ಧ ಗಿಡಗಳು ಹಾಗೆ ಬಂದವೇ.

ಮುಂದಿನ ವಾರ ಇನ್ನೂ ಎರಡು ಹೋದವು. ಅದರ ಮುಂದಿನ ವಾರ ನಾಲ್ಕು. ಒಂದು ಕಡ್ಡಿ ಕದ್ದರೆ ಶಾಸ್ತ್ರ, ಏಳು ಕದ್ದರೆ ವ್ಯಾಪಾರ. ಇನ್ನೊಂದು ವಿಚಿತ್ರ, ಗಿಡದಲ್ಲಿ ಕತ್ತರಿಸಿದ ಪ್ರತಿ ತುದಿಗೂ ಸಗಣಿಯ ಬೊಟ್ಟು ಮೆತ್ತಿತ್ತು. ಹಸಿ ಗಾಯ ಬೆಳ್ಳಗೆ ನನ್ನ ಕಣ್ಣಿಗೆ ಬೀಳದಿರಲಿ ಎಂದು ಮಾಡಿದ ಉಪಾಯ ಎಂದುಕೊಂಡೆ. ಕಳ್ಳಿ ಪಳಗಿದವಳೇ.

ಬೇರೆ ಗಿಡವಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಇದು ಅಮ್ಮ ಕೊಟ್ಟ ಪನ್ನೀರು ಗುಲಾಬಿ. ಆಲೂರಿನ ತವರುಮನೆಯ ಅಂಗಳ ರಸ್ತೆ ಅಗಲ ಮಾಡುವಾಗ ಹೋಯಿತು, ತಾಯಿಗಿಡ ಜೆಸಿಬಿಯ ಬಾಯಿಗೆ ಬಿತ್ತು. ಮರುವರ್ಷ ಅಮ್ಮನೂ ಹೋದಳು. ಅವಳ ಕೈ ಮುಟ್ಟಿದ್ದರಲ್ಲಿ ಜೀವ ಇರುವುದು ಈಗ ಇದೊಂದೇ.

ಕಳೆ ಕೀಳಲು ಬರುವ ಹುಲಿಯಮ್ಮನನ್ನು ಮೊದಲು ಹಿಡಿದೆ.

“ನಂಗ್ಯಾಕಮ್ಮ ಗುಲಾಬಿ? ಮುಡಿಯಾಕೆ ನನ್ ತಲೇಲಿ ಕೂದ್ಲಾದ್ರೂ ಐತಾ?” ಎಂದಳು. ಮತ್ತೆ ಕಳೆಗೆ ಕೈ ಹಾಕುತ್ತ, “ನೀವು ಸಕಲೇಶಪುರಕ್ಕೆ ಹೋಗಿದ್ರಲ್ಲ, ಅವತ್ತು ಗಂಗಾಮಣಕ್ಕ ಬಂದಿದ್ರು. ಗಿಡದ ಬುಡದಾಗೆ ಕುಕ್ಕರುಗಾಲಲ್ಲಿ ಕೂತಿದ್ರಪ್ಪ,” ಎಂದಳು.

ಗಂಗಾಮಣಿ ಪಕ್ಕದ ತೋಟದವಳು. ಇಪ್ಪತ್ತೆರಡು ವರ್ಷದ ಸ್ನೇಹ. ಹಾಲಿಗೆ ಹೆಪ್ಪು ಬೇಕಾದರೂ ಅವಳ ಮನೆಗೇ ಹೋಗುವವಳು ನಾನು. ಆದರೆ ಅವಳ ಸೊಸೆ ಮಾನಸ ಈ ಬೇಸಿಗೆಯಲ್ಲಿ ಮಾರನಹಳ್ಳಿಯ ಹೆದ್ದಾರಿ ಪಕ್ಕ ಒಂದು ನರ್ಸರಿ ಹಾಕಿದ್ದಳು. ಘಾಟಿ ಹತ್ತಿ ಬಂದ ಕಾರುಗಳು ಅಲ್ಲಿ ನಿಲ್ಲುತ್ತವೆ. ಕಾರಿನವರು ಗಿಡ ಕೊಳ್ಳುತ್ತಾರೆ. ನನಗೆ ಎಲ್ಲ ಅರ್ಥವಾಗಿಹೋಯಿತು.

ಹಳೆಯದೊಂದು ಮಾತೂ ನೆನಪಾಯಿತು. ಮಳೆ ಹಿಡಿಯುವ ಮುಂಚೆ ಗಂಗಾಮಣಿ ಗಿಡದ ಮುಂದೆ ನಿಂತು, “ಅಕ್ಕ, ಇದರ ಬುಡ ಒಂದ್ಸಲ ಕೆದಕಿ ನೋಡು, ಯಾಕೋ ಸರಿ ಕಾಣಲ್ಲ,” ಎಂದಿದ್ದಳು. ಮೈ ತುಂಬ ಹೂ ಬಿಟ್ಟ ಗಿಡಕ್ಕೆ ಅದೆಂಥ ಮಾತು? “ನನ್ ಗಿಡಕ್ಕೆ ಕಣ್ಣು ಹಾಕ್ಬ್ಯಾಡ ಕಣೆ,” ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ನಾನು ಅವತ್ತೇ ಗಿಡಕ್ಕೆ ಯಜಮಾನರ ಹಳೆಯ ಚಪ್ಪಲಿ ಕಟ್ಟಿದೆ.

ಯಜಮಾನರಿಗೆ ವಿಷಯ ಹೇಳಿದೆ. ನಮ್ಮ ಚನ್ನಬಸವಯ್ಯನವರು ಪೇಪರಿನಿಂದ ತಲೆ ಎತ್ತದೆ, “ಕಡ್ಡೀನ ಗುಡ್ಡ ಮಾಡ್ಬ್ಯಾಡ ಮಾರಾಯ್ತಿ,” ಎಂದರು. ಗಂಡಸರಿಗೆ ಏನು ಗೊತ್ತು.

ಆಮೇಲೆ ನಾನು ನೋಡತೊಡಗಿದೆ. ಅನುಮಾನದ ಕಣ್ಣಿಗೆ ಕಾಣದ್ದೇನಿದೆ? ಮೊದಲೆಲ್ಲ ಹೋದ ಕೂಡಲೇ ಹಿತ್ತಿಲಿಗೆ ಕರೆದೊಯ್ದು ಹೊಸ ಗಿಡ ತೋರಿಸುತ್ತಿದ್ದ ಗಂಗಾಮಣಿ ಈಗ ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟಳು. ಹಿತ್ತಿಲ ಬಾಗಿಲಿಗೆ ಚಿಲಕ. “ಹಿತ್ಲಲ್ಲಿ ಜಾರಿಕೆ ಅಕ್ಕ, ಪಾಚಿ ಕಟ್ಟೈತೆ,” ಎಂದಳು. ಅವಳ ಹಿತ್ತಿಲಲ್ಲಿ ಪಾಚಿ ಯಾವ ವರ್ಷ ಕಟ್ಟಿರಲಿಲ್ಲ? ಅವಳ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣಿತ್ತು. ನಾನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ.

ಇತ್ತ ನನ್ನ ಗಿಡ ಸೊರಗುತ್ತ ಬಂತು. ಎಲೆ ಹಳದಿಯಾಯಿತು, ಮೊಗ್ಗು ಅರಳದೆ ಉದುರಿತು. ಏಳು ಕಡ್ಡಿ ಕತ್ತರಿಸಿದರೆ ಇನ್ನೇನಾದೀತು ಎಂದು ಅವಳನ್ನು ಬೈದುಕೊಳ್ಳುತ್ತ ಬುಡಕ್ಕೆ ಗೊಬ್ಬರ ಗುಡ್ಡೆ ಹಾಕಿದೆ, ಹಿಂಡಿ ನೆನೆಸಿದ ನೀರು ಹೊಯ್ದೆ. ಬುಡ ಕೆದಕಿ ಮಾತ್ರ ನೋಡಲಿಲ್ಲ. ಕೆದಕಿದ್ದರೆ ಅವಳ ಮಾತು ನಡೆಸಿದ ಹಾಗಾಗುತ್ತಿತ್ತಲ್ಲ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಮಳೆ ನಿಂತು ಹೊಳವಾಗಿತ್ತು. ಗಂಗಾಮಣಿ ಹಾಲಿನ ಡೈರಿಗೆ ಹೋದದ್ದನ್ನು ನೋಡಿ, ತೋಟದ ಕಡೆಯಿಂದ ಅವಳ ಹಿತ್ತಿಲಿಗೆ ಇಳಿದೆ. ಪಾಚಿ ಎಲ್ಲೂ ಇರಲಿಲ್ಲ. ಸ್ನಾನದ ಮನೆಯ ಗೋಡೆಗೆ ಒತ್ತಿ, ಕಾಫಿ ಸಸಿ ಮಾಡುವ ಕಪ್ಪು ಕವರುಗಳಲ್ಲಿ ಕಡ್ಡಿಗಳು ಸಾಲಾಗಿ ಕೂತಿದ್ದವು. ಎಣಿಸಿದೆ. ಏಳು. ತುದಿಗಳಲ್ಲಿ ಅದೇ ಸಗಣಿ ಬೊಟ್ಟು. ಮೂರು ಬರೀ ಕಡ್ಡಿ, ನಾಲ್ಕರಲ್ಲಿ ಕೆಂಪು ಚಿಗುರು.

ನನ್ನ ಗಿಡ ಅಲ್ಲಿ ಒಣಗುತ್ತಿದೆ, ಇವು ಇಲ್ಲಿ ಚಿಗುರುತ್ತಿವೆ. ತಡೆಯಲಾಗಲಿಲ್ಲ. ಚಿಗುರಿದ್ದರಲ್ಲಿ ಒಂದನ್ನು ಹಿಡಿದು ಎಳೆದೆ. ದಾರದಂಥ ಬಿಳಿ ಬೇರು ಪಟಪಟ ಹರಿದು ಬಂತು. ಆಮೇಲೆ ಇನ್ನೊಂದು. ನಾಲ್ಕನ್ನೂ ಕಿತ್ತು ಕೈಯಲ್ಲಿ ಹಿಡಿದು ನಿಂತೆ, ಬರಲಿ ಅವಳು, ಮುಖದ ಮೇಲೆ ಹಿಡಿದು ಕೇಳುತ್ತೇನೆ ಎಂದು.

ಬಂದಳು. ಹಾಲಿನ ಕ್ಯಾನು ಕೆಳಗಿಟ್ಟಳು. ನನ್ನ ಕೈ ನೋಡಿದಳು.

“ಮಾರನಹಳ್ಳೀಲಿ ಒಂದಕ್ಕೆ ಎಷ್ಟು ಅಂತೆ?” ಎಂದೆ.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ಅವಳು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು.

“ನಿನ್ ಗಿಡದ ಬುಡ ಗೆದ್ಲು ತಿಂದು ಪೊಳ್ಳಾಗ್ಬುಟ್ಟೈತೆ ಅಕ್ಕ. ಹೇಳಿದ್ರೆ ಕಣ್ಣು ಹಾಕ್ತೀಯ ಅಂದೆ. ನಿಮ್ಮವ್ವನ ಗಿಡ, ತಳಿ ಹೋಗ್ಬಾರ್ದು ಅಂತ ಕಡ್ಡಿ ತಂದೆ. ಒಂದು ತಂದೆ, ಕರ್‍ರಗಾಗೋ ಹಂಗೆ ಕಾಣ್ತು. ಎರಡು ತಂದೆ. ಆಮ್ಯಾಕೆ ಹೆದ್ರಿಕೆಯಾಗಿ ನಾಕು. ಹೂ ಬಿಟ್ಟ ದಿನ ಎಲ್ಲಾನೂ ನಿನ್ನಂಗ್ಳಕ್ಕೆ ತಂದಿಡನ ಅಂತಿದ್ದೆ.” ಅವಳು ಮೂರು ಬರೀ ಕಡ್ಡಿಗಳ ಕಡೆ ಕೈ ತೋರಿಸಿದಳು. “ಅವು ಸತ್ತವು. ಜೀವ ಹಿಡ್ದಿದ್ದು ನಿನ್ ಕೈಲಿರೋವು.”

ನಾನು ಕಡ್ಡಿಗಳನ್ನು ಅಲ್ಲೇ ಹಾಕಿ ಮನೆಗೆ ಓಡಿದೆ. ಗೊಬ್ಬರ ಸರಿಸಿ ಗಿಡದ ಕಾಂಡ ಹಿಡಿದೆ. ಎಳೆಯಲೂ ಇಲ್ಲ, ಹಿಡಿದೆ ಅಷ್ಟೇ. ಗಿಡ ಸಲೀಸಾಗಿ ಕೈಗೆ ಬಂತು. ಬುಡದಲ್ಲಿ ಮರವೇ ಇರಲಿಲ್ಲ, ತೊಗಟೆಯ ಒಳಗೆ ಬರೀ ಮಣ್ಣು. ಅಂಗಳದಲ್ಲೇ ಕೂತು ಅತ್ತೆ. ಅಮ್ಮ ಹೋದ ದಿನವೂ ಹಾಗೆ ಅತ್ತಿರಲಿಲ್ಲ.

ಮತ್ತೆ ಅವಳ ಹಿತ್ತಿಲಿಗೆ ಹೋದಾಗ ಗಂಗಾಮಣಿ ನಾಲ್ಕನ್ನೂ ಮತ್ತೆ ಕವರುಗಳಲ್ಲಿ ನೆಟ್ಟು ಬೆರಳಿನಿಂದ ಮಣ್ಣು ಒತ್ತುತ್ತಿದ್ದಳು. “ತಪ್ಪಾಯ್ತು ಕಣೆ,” ಎಂದೆ. “ನೀರು ಹುಯ್ಯಿ,” ಎಂದಳು. ಹುಯ್ದೆ. ಚಿಗುರು ಆಗಲೇ ಜೋತು ಬಿದ್ದಿತ್ತು.

ಅದಾಗಿ ಐದು ವಾರವಾಯಿತು. ಮೂರು ಕರ್‍ರಗಾಗಿ ಹೋದವು. ಒಂದರ ಗಿಣ್ಣಿನಲ್ಲಿ ಮೊನ್ನೆ ಹಸಿರು ಕಂಡಿದೆ, ಸಾಸಿವೆ ಕಾಳಿನಷ್ಟು. ಅದನ್ನು ನೋಡಲೆಂದೇ ದಿನಾ ಬೆಳಿಗ್ಗೆ ಹೋಗುತ್ತೇನೆ. ಗಂಗಾಮಣಿ ಬೇಡ ಎನ್ನುವುದಿಲ್ಲ, ಹಿತ್ತಿಲ ಬಾಗಿಲು ತೆಗೆಯುತ್ತಾಳೆ, ಕಾಫಿಯನ್ನೂ ಅಲ್ಲಿಗೇ ತರುತ್ತಾಳೆ. ನಾನು ಹೊರಡುವವರೆಗೂ ಪಕ್ಕದಲ್ಲೇ ನಿಂತಿರುತ್ತಾಳೆ.

ಇವತ್ತು ಹೋದಾಗ ಆ ಕವರಿನ ಸುತ್ತ ಸೀಗೆಮುಳ್ಳಿನ ಬೇಲಿ ಕಟ್ಟಿತ್ತು, ಕೈ ತೂರದಷ್ಟು ಒತ್ತಾಗಿ.

“ಇದ್ಯಾಕೆ?” ಎಂದೆ.

“ಕೋಳಿ ಕೆದರ್ತವೆ,” ಎಂದಳು ನನ್ನ ಮುಖ ನೋಡದೆ.

ಗಂಗಾಮಣಿ ಕೋಳಿ ಸಾಕುವುದನ್ನು ಬಿಟ್ಟು ಎರಡು ವರ್ಷವಾಯಿತು.